1929: ಪುಸ್ತಕದ ಮೇಲೆ ಯಾರ ಹೆಸರು?

ಆಸ್ಟ್ರೇಲಿಯಾದ ಸಾಹಿತ್ಯ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಥಟ್ಟನೆ ನೆನಪಾಗುವ ಹೆಸರು ಪ್ಯಾಟ್ರಿಕ್ ವೈಟ್. 1973ರಲ್ಲಿ ಅವರಿಗೆ ನೊಬೆಲ್ ಬಂತು, ಆ ದೇಶದ ಕಾದಂಬರಿಯತ್ತ ಜಗತ್ತು ತಿರುಗಿ ನೋಡಿತು. ಆದರೆ ಆ ಕಾದಂಬರಿ ಬಲಿತದ್ದು ಅದಕ್ಕೂ ನಾಲ್ಕು ದಶಕಗಳ ಹಿಂದೆ, ವೈಟ್ ಇನ್ನೂ ಇಂಗ್ಲೆಂಡಿನ ವಸತಿ ಶಾಲೆಯಲ್ಲಿ ಓದುತ್ತಿದ್ದ ಹುಡುಗನಾಗಿದ್ದಾಗ. ಎರಡು ಮಹಾಯುದ್ಧಗಳ ನಡುವಿನ ಯಾವುದಾದರೂ ಒಂದು ವರ್ಷವನ್ನು ಆರಿಸಿಕೊಂಡು ಆ ಸಾಹಿತ್ಯದ ಕಥೆ ಹೇಳಬೇಕೆಂದರೆ ನಾನು 1929ನ್ನು ಆರಿಸುತ್ತೇನೆ.

ಆ ವರ್ಷ ಹೊರಬಂದ ಮುಖ್ಯ ಪುಸ್ತಕಗಳ ಮುಖಪುಟಗಳನ್ನು ಸಾಲಾಗಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಒಂದರ ಮೇಲೆ ಗಂಡಸಿನ ಹೆಸರಿದೆ, ಬರೆದವರು ಹೆಂಗಸು. ಇನ್ನೊಂದರ ಮೇಲೆ ಒಬ್ಬರ ಹೆಸರಿದೆ, ಬರೆದವರು ಇಬ್ಬರು. ಮತ್ತೊಂದರ ಮೇಲೆ ಹೆಸರೇ ಇಲ್ಲ. ಇವರೆಲ್ಲ ತಾವಾಗಿ ಮುಸುಕು ಹಾಕಿಕೊಂಡವರು. ಅದೇ ಹೊತ್ತಿಗೆ, ಆ ನೆಲದ ಅತಿ ಹಳೆಯ ಕಥೆಗಳನ್ನು ಬರೆದುಕೊಟ್ಟ ಒಬ್ಬ ಲೇಖಕನ ಹೆಸರನ್ನು ಮಾತ್ರ ಬೇರೆಯವರು ಅಳಿಸಿಹಾಕುತ್ತಿದ್ದರು. ಒಂದು ದೇಶದ ಸಾಹಿತ್ಯದ ಲೆಕ್ಕ ತೆಗೆಯುವಾಗ ಈ ಎರಡು ಬಗೆಯ ಮರೆಗಳನ್ನು ಬೇರೆಬೇರೆಯಾಗಿಯೇ ನೋಡಬೇಕು ಎಂಬುದು ಈ ಬರಹದ ವಾದ.

ಮೊದಲು ಅಂದಿನ ಪರಿಸ್ಥಿತಿ. ಆಗ ಆಸ್ಟ್ರೇಲಿಯಾದ ಜನಸಂಖ್ಯೆ ಸುಮಾರು 64 ಲಕ್ಷ. ಈ ಲೆಕ್ಕದಲ್ಲಿ ಆ ನೆಲದ ಮೂಲನಿವಾಸಿಗಳು ಇರಲಿಲ್ಲ. ದೇಶದ ಜನರನ್ನು ಎಣಿಸುವಾಗ ಅವರನ್ನು ಸೇರಿಸಬಾರದೆಂದು ಸಂವಿಧಾನದಲ್ಲೇ ಬರೆದಿತ್ತು. ಉಣ್ಣೆ ಮತ್ತು ಗೋಧಿಯ ರಫ್ತಿನ ಮೇಲೆ ನಿಂತಿದ್ದ ದೇಶ ಅದು. ಮೊದಲ ಮಹಾಯುದ್ಧದಲ್ಲಿ ಸುಮಾರು 60,000 ಮಂದಿಯನ್ನು ಕಳೆದುಕೊಂಡಿತ್ತು. 1929ರ ಅಕ್ಟೋಬರ್ 22ರಂದು ಜೇಮ್ಸ್ ಸ್ಕಲಿನ್ ಅವರ ಲೇಬರ್ ಸರ್ಕಾರ ಅಧಿಕಾರ ವಹಿಸಿಕೊಂಡಿತು. ಎರಡೇ ದಿನಗಳಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಉಣ್ಣೆಯ ಬೆಲೆ ಬಿತ್ತು, ಕೆಲಸ ಹೋಯಿತು, ಸಾಲದ ಹೊರೆ ಏರಿತು.

ಪುಸ್ತಕಗಳ ವಿಷಯದಲ್ಲಿ ಆ ದೇಶ ಇನ್ನೂ ಲಂಡನ್ನಿನ ಅಂಗಳದಲ್ಲೇ ಇತ್ತು. ಸಿಡ್ನಿಯಲ್ಲಿ ಆಂಗಸ್ ಅಂಡ್ ರಾಬರ್ಟ್‌ಸನ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಇದ್ದರೂ ಗಂಭೀರ ಕಾದಂಬರಿ ಬರೆದವರು ಹಸ್ತಪ್ರತಿಯನ್ನು ಹಡಗಿಗೆ ಹಾಕಿ ಲಂಡನ್ನಿಗೆ ಕಳಿಸುತ್ತಿದ್ದರು. ಅಲ್ಲಿಯ ಪ್ರಕಾಶಕರು ಒಪ್ಪಿ ಅಚ್ಚು ಹಾಕಿದರೆ ಪುಸ್ತಕ ಮತ್ತೆ ಹಡಗಿನಲ್ಲಿ ವಾಪಸ್ ಬರುತ್ತಿತ್ತು. ಬಂದರಿನಲ್ಲಿ ಸುಂಕದ ಇಲಾಖೆ ಕಾದಿರುತ್ತಿತ್ತು. ಅಶ್ಲೀಲ ಅಥವಾ ದೇಶದ್ರೋಹ ಎಂದು ಅನ್ನಿಸಿದ್ದನ್ನು ತಡೆಯುವ ಅಧಿಕಾರ ಆ ಇಲಾಖೆಗಿತ್ತು. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಅಲ್ಲಿ ನಿಷೇಧಕ್ಕೆ ಒಳಗಾದದ್ದು 1929ರಲ್ಲೇ. ಮರುವರ್ಷ ಆಸ್ಟ್ರೇಲಿಯಾದವರೇ ಆದ ನಾರ್ಮನ್ ಲಿಂಡ್ಸೆ ಅವರ ‘ರೆಡ್‌ಹೀಪ್’ ಕಾದಂಬರಿಯನ್ನೂ ಬಂದರಿನಲ್ಲೇ ತಡೆದರು. ಬರೆದವನ ಸ್ವಂತ ಊರಿನ ಕಥೆ ಆ ಊರಿನವರ ಕೈಗೇ ಸಿಗದ ಸ್ಥಿತಿ.

ಇಂಥ ಕಾಲದಲ್ಲಿ, 1929ರ ಜನವರಿಯಲ್ಲಿ, ಲಂಡನ್ನಿನ ಹೈನ್‌ಮನ್ ಸಂಸ್ಥೆಯಿಂದ ‘ಅಲ್ಟಿಮಾ ಥೂಲಿ’ ಬಂತು. ಮುಖಪುಟದ ಮೇಲೆ ಹೆನ್ರಿ ಹ್ಯಾಂಡಲ್ ರಿಚರ್ಡ್‌ಸನ್ ಎಂಬ ಹೆಸರು. ಬರೆದವರು ಎಥೆಲ್ ಫ್ಲಾರೆನ್ಸ್ ಲಿಂಡ್ಸೆ ರಾಬರ್ಟ್‌ಸನ್, 1870ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದ ಮಹಿಳೆ. ಹದಿಹರೆಯದಲ್ಲೇ ದೇಶ ಬಿಟ್ಟು ಜರ್ಮನಿಯ ಲೈಪ್ಜಿಗ್‌ನಲ್ಲಿ ಪಿಯಾನೋ ಕಲಿತವರು, ಆಮೇಲೆ ಇಂಗ್ಲೆಂಡಿನಲ್ಲಿ ನೆಲೆಸಿದವರು. ತಾಯ್ನಾಡಿಗೆ ಮರಳಿದ್ದು ಒಂದೇ ಸಲ, 1912ರಲ್ಲಿ, ಕಾದಂಬರಿಗೆ ಬೇಕಾದ ಊರುಗಳನ್ನು ಮತ್ತೊಮ್ಮೆ ನೋಡಲು.

ಮೂರು ಭಾಗಗಳ ಆ ಕಥನದ ಮೊದಲ ಭಾಗ 1917ರಲ್ಲಿ, ಎರಡನೆಯದು 1925ರಲ್ಲಿ ಬಂದಿದ್ದವು. ಎರಡನೆಯದು ಸರಿಯಾಗಿ ಮಾರಾಟವಾಗಲಿಲ್ಲ. ಹಾಗಾಗಿ ಮೂರನೆಯದಕ್ಕೆ ಹಣ ಹೂಡಲು ಪ್ರಕಾಶಕರು ಹಿಂಜರಿದರು. ಲೇಖಕಿಯ ಪತಿ, ಲಂಡನ್ ವಿಶ್ವವಿದ್ಯಾಲಯದ ಜರ್ಮನ್ ಪ್ರಾಧ್ಯಾಪಕ ಜಾನ್ ಜಾರ್ಜ್ ರಾಬರ್ಟ್‌ಸನ್, ಅಚ್ಚಿನ ವೆಚ್ಚವನ್ನು ತಾವೇ ಹೊತ್ತರು. ಮೊದಲು ಅಚ್ಚಾದದ್ದು ಸಾವಿರ ಪ್ರತಿ. ವಿಮರ್ಶೆಗಳು ಬಂದ ಮೇಲೆ ಗಾಳಿ ತಿರುಗಿತು. ಪ್ರತಿಗಳು ಮುಗಿದವು, ಮರುಮುದ್ರಣವಾಯಿತು, ಅಮೆರಿಕದ ‘ಬುಕ್ ಆಫ್ ದಿ ಮಂತ್ ಕ್ಲಬ್’ ಅದನ್ನು ಆರಿಸಿಕೊಂಡಿತು. ಮರುವರ್ಷ ಮೂರೂ ಭಾಗಗಳು ‘ದಿ ಫಾರ್ಚೂನ್ಸ್ ಆಫ್ ರಿಚರ್ಡ್ ಮಹೋನಿ’ ಎಂಬ ಒಂದೇ ಸಂಪುಟವಾಗಿ ಬಂದವು.

ಚಿನ್ನದ ಗಣಿಗಳ ಬಲರಾಟ್‌ಗೆ ಬಂದ ಐರಿಶ್ ವೈದ್ಯ ರಿಚರ್ಡ್ ಮಹೋನಿಯ ಕಥೆ ಅದು. ಅಂಗಡಿ ಇಡುತ್ತಾನೆ, ವೈದ್ಯನಾಗುತ್ತಾನೆ, ಷೇರಿನಿಂದ ಸಿರಿವಂತನಾಗುತ್ತಾನೆ, ಎಲ್ಲ ಕಳೆದುಕೊಳ್ಳುತ್ತಾನೆ, ಕೊನೆಗೆ ಬುದ್ಧಿ ಸ್ಥಿಮಿತ ತಪ್ಪಿ ಹುಚ್ಚಾಸ್ಪತ್ರೆ ಸೇರುತ್ತಾನೆ. ಇತ್ತ ಹೆಂಡತಿ ಮೇರಿ ಅಂಚೆ ಕಚೇರಿಯ ಕೆಲಸ ಕಲಿತು, ಮಕ್ಕಳನ್ನು ಸಾಕಿ, ಗಂಡನನ್ನು ಆಸ್ಪತ್ರೆಯಿಂದ ಬಿಡಿಸಿಕೊಂಡು ಬರುತ್ತಾಳೆ. ಲೇಖಕಿಯ ತಂದೆಯೂ ಐರಿಶ್ ವೈದ್ಯರೇ, ಹಾಗೆಯೇ ಕುಸಿದು 1879ರಲ್ಲಿ ತೀರಿಕೊಂಡವರು. ತಾಯಿ ಅಂಚೆ ಕಚೇರಿ ನಡೆಸಿ ಮನೆ ಉಳಿಸಿದವರು. ಹೊಸ ನಾಡು ಎಂದರೆ ಸಮೃದ್ಧಿ ಎಂಬ ವಲಸಿಗರ ನಂಬಿಕೆಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸಿದ ಕೃತಿ ಆ ಸಾಹಿತ್ಯದಲ್ಲಿ ಅಲ್ಲಿಯವರೆಗೆ ಬಂದಿರಲಿಲ್ಲ. ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಲಿಟರೇಚರ್ ಸೊಸೈಟಿ ತನ್ನ ಚಿನ್ನದ ಪದಕವನ್ನು ಈ ಕೃತಿಗೇ ಕೊಟ್ಟಿತು. ಹಿಂದಿನ ವರ್ಷದ ಕೃತಿಗಾಗಿ ಆ ಪದಕವನ್ನು ಮೊಟ್ಟಮೊದಲು ಪಡೆದಿದ್ದವರು ಮಾರ್ಟಿನ್ ಬಾಯ್ಡ್. ಅವರ ಕಾದಂಬರಿ ಕೂಡ ಮಾರ್ಟಿನ್ ಮಿಲ್ಸ್ ಎಂಬ ಬೇರೆ ಹೆಸರಿನಲ್ಲಿ ಬಂದಿತ್ತು.

ಎರಡನೆಯ ಪುಸ್ತಕ ‘ಎ ಹೌಸ್ ಈಸ್ ಬಿಲ್ಟ್’. ಮುಖಪುಟದ ಮೇಲೆ ಎಂ. ಬರ್ನಾರ್ಡ್ ಎಲ್ಡರ್‌ಶಾ. ಹಾಗೆಂಬ ಮನುಷ್ಯ ಯಾರೂ ಇರಲಿಲ್ಲ. ಮಾರ್ಜರಿ ಬರ್ನಾರ್ಡ್ ಮತ್ತು ಫ್ಲೋರಾ ಎಲ್ಡರ್‌ಶಾ, ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಗೆಳತಿಯರಾದವರು, ಇಬ್ಬರ ಹೆಸರನ್ನೂ ಬೆಸೆದು ಒಂದು ಮಾಡಿದ್ದರು. ಒಬ್ಬರು ಗ್ರಂಥಪಾಲಕಿ, ಇನ್ನೊಬ್ಬರು ಶಾಲಾ ಶಿಕ್ಷಕಿ. ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಜೊತೆಯಾಗಿ ಬರೆದರು. 1830ರ ದಶಕದ ಸಿಡ್ನಿಗೆ ಬಂದು ವ್ಯಾಪಾರದ ಮನೆತನ ಕಟ್ಟುವ ಜೇಮ್ಸ್ ಹೈಡ್‌ನ ಕಥೆ ಅದು. ಅವನ ಮಗಳು ಫ್ಯಾನಿಗೆ ವ್ಯವಹಾರದ ಬುದ್ಧಿ ಇದೆ, ಆಸೆಯೂ ಇದೆ. ಆದರೆ ಹೆಣ್ಣಿಗೆ ಆ ಗದ್ದುಗೆ ಇಲ್ಲ. ಕಟ್ಟಿದ ಮನೆಯೊಳಗೆ ಯಾರಿಗೆ ಜಾಗವಿಲ್ಲ ಎಂಬುದನ್ನು ತೋರಿಸಿಕೊಟ್ಟದ್ದೇ ಈ ಕಾದಂಬರಿಯ ಹೆಚ್ಚುಗಾರಿಕೆ. ಮುಂದೆ 1935ರಲ್ಲಿ ಎಲ್ಡರ್‌ಶಾ ಸಿಡ್ನಿಯ ಲೇಖಕರ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. 1928ರ ಕೊನೆಯಲ್ಲಿ ಮೇರಿ ಗಿಲ್ಮೋರ್ ಮೊದಲಾದವರು ಹುಟ್ಟುಹಾಕಿದ್ದ ಸಂಘ ಅದು.

ಈ ಕಾದಂಬರಿ ಬೆಳಕಿಗೆ ಬಂದದ್ದು ಸಿಡ್ನಿಯ ‘ಬುಲೆಟಿನ್’ ವಾರಪತ್ರಿಕೆ ನಡೆಸಿದ ಸ್ಪರ್ಧೆಯಿಂದ. 1928ರ ಆ ಸ್ಪರ್ಧೆಗೆ ಐನೂರಕ್ಕೂ ಹೆಚ್ಚು ಹಸ್ತಪ್ರತಿಗಳು ಬಂದಿದ್ದವು. ಒಂದು ದೇಶದ ಮೂಲೆಮೂಲೆಗಳಲ್ಲಿ ಎಷ್ಟೊಂದು ಜನ ಕಾದಂಬರಿ ಬರೆದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು ಎಂಬುದಕ್ಕೆ ಅದು ಸಾಕ್ಷಿ. ಮೊದಲ ಬಹುಮಾನವನ್ನು ಇನ್ನೊಂದು ಕೃತಿಯೂ ಹಂಚಿಕೊಂಡಿತು. ಅದು ಕ್ಯಾಥರಿನ್ ಸುಸಾನಾ ಪ್ರಿಚರ್ಡ್ ಅವರ ‘ಕೂನಾರ್ಡೂ’.

ಪ್ರಿಚರ್ಡ್ ಫಿಜಿಯಲ್ಲಿ ಹುಟ್ಟಿದವರು, ಪರ್ತ್ ಸಮೀಪದ ಗುಡ್ಡಗಳಲ್ಲಿ ನೆಲೆಸಿದ್ದವರು, 1920ರಲ್ಲಿ ಆಸ್ಟ್ರೇಲಿಯಾದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರು. 1926ರಲ್ಲಿ ಅವರು ಪಶ್ಚಿಮ ಆಸ್ಟ್ರೇಲಿಯಾದ ವಾಯವ್ಯಕ್ಕಿರುವ ಟೂರಿ ಕ್ರೀಕ್ ಎಂಬ ದೂರದ ದನದ ಎಸ್ಟೇಟಿಗೆ ಹೋಗಿ ಉಳಿದರು. ಅಲ್ಲಿ ಕಂಡದ್ದು ಈ ಕಾದಂಬರಿಯಾಯಿತು. ಕೂನಾರ್ಡೂ ಮೂಲನಿವಾಸಿ ಹೆಣ್ಣು, ಎಸ್ಟೇಟಿನ ಒಡತಿಯ ಕಣ್ಣೆದುರು ಬೆಳೆದವಳು, ಒಡತಿಯ ಮಗ ಹ್ಯೂನ ಬಾಲ್ಯದ ಜೊತೆಗಾತಿ. ತಾಯಿ ತೀರಿಕೊಂಡ ದುಃಖದಲ್ಲಿ ಹ್ಯೂ ಅವಳ ಹತ್ತಿರ ಬರುತ್ತಾನೆ, ಒಂದು ಗಂಡುಮಗು ಹುಟ್ಟುತ್ತದೆ. ಆದರೆ ಬಿಳಿಯನಾದ ತಾನು ಅವಳನ್ನು ಪ್ರೀತಿಸುತ್ತೇನೆಂದು ಅವನು ತನಗೆ ತಾನೇ ಒಪ್ಪಿಕೊಳ್ಳಲಾರ. ನೆರೆಯ ಎಸ್ಟೇಟಿನವನು ಅವಳ ಮೇಲೆ ಕೈಮಾಡಿದನೆಂದು ತಿಳಿದಾಗ ಅವನ ಸಿಟ್ಟು ತಿರುಗುವುದು ಅವಳ ಮೇಲೆಯೇ. ಬೆಂಕಿಯಲ್ಲಿ ಸುಟ್ಟುಕೊಂಡು ಅವಳು ಹೊರಟುಹೋಗುತ್ತಾಳೆ. ಎಸ್ಟೇಟ್ ಹಾಳಾಗುತ್ತದೆ, ರೋಗಿಷ್ಠಳಾದ ಅವಳು ಸಾಯಲು ಅಲ್ಲಿಗೇ ಮರಳುತ್ತಾಳೆ. ಯಾರ ದುಡಿಮೆಯಿಂದ ಎಸ್ಟೇಟ್ ಬದುಕಿತ್ತೋ ಅವಳನ್ನು ತಳ್ಳಿದ ದಿನವೇ ಅದರ ನಾಶ ಶುರುವಾಯಿತು ಎಂಬುದು ಕಾದಂಬರಿಯ ತೀರ್ಪು.

‘ಬುಲೆಟಿನ್’ ಇದನ್ನು ಧಾರಾವಾಹಿಯಾಗಿ ಪ್ರಕಟಿಸಿದಾಗ ಓದುಗರು ಕೆರಳಿದರು. ಬಿಳಿಯರಿಗಾಗಿ ಆಸ್ಟ್ರೇಲಿಯಾ ಎಂಬ ಘೋಷವಾಕ್ಯವನ್ನು ತನ್ನ ಹೆಸರಿನ ಜೊತೆಗೇ ಅಚ್ಚು ಹಾಕುತ್ತಿದ್ದ ಪತ್ರಿಕೆ ಅದು. ಬಿಳಿಯ ಗಂಡಸು ಮೂಲನಿವಾಸಿ ಹೆಣ್ಣನ್ನು ಬಳಸಿಕೊಳ್ಳುತ್ತಾನೆ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ; ಪ್ರೀತಿಸಬಹುದು ಎಂದದ್ದನ್ನು ಸಹಿಸಲಾಗಲಿಲ್ಲ. ಮುಂದೆ ವಾನ್ಸ್ ಪಾಮರ್ ಅಂಥದೇ ವಸ್ತುವಿನ ಕಾದಂಬರಿ ಕಳಿಸಿದಾಗ ‘ಕೂನಾರ್ಡೂ’ವಿನ ಅನುಭವವನ್ನೇ ಮುಂದೊಡ್ಡಿ ಪತ್ರಿಕೆ ಅದನ್ನು ಧಾರಾವಾಹಿ ಮಾಡಲು ಒಪ್ಪಲಿಲ್ಲ. 1929ರಲ್ಲಿ ಲಂಡನ್ನಿನ ಜೋನಥನ್ ಕೇಪ್ ಸಂಸ್ಥೆ ‘ಕೂನಾರ್ಡೂ’ವನ್ನು ಪುಸ್ತಕವಾಗಿ ತಂದಿತು.

ಆ ಧಾರಾವಾಹಿ ಬರುತ್ತಿದ್ದ ತಿಂಗಳುಗಳಲ್ಲೇ ಮಧ್ಯ ಆಸ್ಟ್ರೇಲಿಯಾದ ಕೋನಿಸ್ಟನ್ ಎಂಬಲ್ಲಿ ಏನಾಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. 1928ರ ಆಗಸ್ಟ್‌ನಲ್ಲಿ ಒಬ್ಬ ಬಿಳಿಯ ಬೇಟೆಗಾರನ ಕೊಲೆಯಾಯಿತು. ಅದಕ್ಕೆ ಪ್ರತೀಕಾರವಾಗಿ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬನ ಮುಂದಾಳತ್ವದ ತಂಡ ವಾರಗಟ್ಟಲೆ ಕುದುರೆ ಏರಿ ಅಲೆದು ಮೂಲನಿವಾಸಿಗಳನ್ನು ಗುಂಡಿಟ್ಟು ಕೊಂದಿತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 31. ಆ ಜನರ ನೆನಪಿನಲ್ಲಿ ಸಂಖ್ಯೆ ಅದಕ್ಕಿಂತ ಎಷ್ಟೋ ಹೆಚ್ಚು. ವಿಚಾರಣೆ ನಡೆಸಿದ ಮಂಡಳಿ 1929ರ ಆರಂಭದಲ್ಲಿ ಕೊಂದದ್ದು ಆತ್ಮರಕ್ಷಣೆಗಾಗಿ ಎಂದು ಎಲ್ಲರನ್ನೂ ದೋಷಮುಕ್ತ ಮಾಡಿತು. ಕಥೆಯೊಳಗಿನ ಪ್ರೀತಿಗೆ ಓದುಗರು ಪತ್ರಿಕೆಯ ಮೇಲೆ ಹರಿಹಾಯುತ್ತಿದ್ದ ಹೊತ್ತಿಗೆ ನಿಜದ ಹತ್ಯಾಕಾಂಡಕ್ಕೆ ಸರ್ಕಾರ ಮುದ್ರೆ ಒತ್ತುತ್ತಿತ್ತು. ಪ್ರಿಚರ್ಡ್ ಎಂಥ ಗೋಡೆಗೆ ತಲೆ ಕೊಟ್ಟಿದ್ದರು ಎಂಬುದು ಆಗ ತಿಳಿಯುತ್ತದೆ.

ಹಾಗೆಂದು ‘ಕೂನಾರ್ಡೂ’ವಿನ ಮಿತಿಯನ್ನು ಮರೆಮಾಚಬೇಕಿಲ್ಲ. ಆ ಕಾದಂಬರಿಯ ಉದ್ದಕ್ಕೂ ಕೂನಾರ್ಡೂ ಮಾತಾಡುವುದು ಅತಿ ಕಡಿಮೆ. ಅವಳ ನೋವು ನಮಗೆ ಮುಟ್ಟುವುದು ಒಬ್ಬ ಬಿಳಿಯ ಲೇಖಕಿಯ ಅನುಕಂಪದ ಮೂಲಕ. ಇಂದಿನ ಮೂಲನಿವಾಸಿ ವಿಮರ್ಶಕರು ಎತ್ತುವ ಪ್ರಶ್ನೆ ನ್ಯಾಯವಾದದ್ದು: ನಮ್ಮ ಪರವಾಗಿ ಬರೆದಿರಿ ಸರಿ, ನಾವು ಬರೆದದ್ದು ಎಲ್ಲಿ?

ಆ ಪ್ರಶ್ನೆಗೆ ಹೋಗುವ ಮುನ್ನ ಹೆಸರಿಲ್ಲದ ಪುಸ್ತಕದ ಮಾತು. 1929ರಲ್ಲಿ ಲಂಡನ್ನಿನಲ್ಲಿ ‘ದಿ ಮಿಡ್ಲ್ ಪಾರ್ಟ್ಸ್ ಆಫ್ ಫಾರ್ಚೂನ್’ ಎಂಬ ಯುದ್ಧದ ಕಾದಂಬರಿ ಚಂದಾದಾರರಿಗಷ್ಟೇ, ಐನೂರು ಚಿಲ್ಲರೆ ಪ್ರತಿಗಳಲ್ಲಿ ಬಂತು. ಮರುವರ್ಷ ಸೈನಿಕರ ಒರಟು ಬೈಗುಳಗಳನ್ನು ತೆಗೆದು ‘ಹರ್ ಪ್ರೈವೇಟ್ಸ್ ವಿ’ ಎಂದು ಮತ್ತೆ ಬಂದಾಗ ಲೇಖಕನ ಜಾಗದಲ್ಲಿ ಇದ್ದದ್ದು ಪ್ರೈವೇಟ್ 19022 ಎಂಬ ಸಂಖ್ಯೆ. ಅದು ಸಿಡ್ನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬಾಳಿದ ಫ್ರೆಡರಿಕ್ ಮ್ಯಾನಿಂಗ್ ಅವರ ಸೇನಾ ಸಂಖ್ಯೆ. ಸೋಮ್ ರಣರಂಗದಲ್ಲಿ ಅವರು ಸಾಮಾನ್ಯ ಸಿಪಾಯಿಯಾಗಿ ಹೋರಾಡಿದ್ದರು. ಲೇಖಕ ಟಿ. ಇ. ಲಾರೆನ್ಸ್ ಅವರು ಶೈಲಿಯಿಂದಲೇ ಬರೆದವರು ಯಾರೆಂದು ಗುರುತು ಹಿಡಿದರು. ಪುಸ್ತಕದ ಮೇಲೆ ಮ್ಯಾನಿಂಗ್ ಹೆಸರು ಕಾಣಿಸಿಕೊಂಡದ್ದು 1943ರಲ್ಲಿ, ಅವರು ತೀರಿಕೊಂಡು ಎಂಟು ವರ್ಷಗಳಾದ ಮೇಲೆ. ಸಾವಿರಾರು ಸೈನಿಕರ ನಡುವೆ ತಾನೊಬ್ಬ ಎಂದು ಹೇಳುವ ಪುಸ್ತಕಕ್ಕೆ ಆ ಸಂಖ್ಯೆ ಒಪ್ಪುತ್ತಿತ್ತು.

ಈಗ ಡೇವಿಡ್ ಯುನೈಪನ್. 1872ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಪಾಯಿಂಟ್ ಮೆಕ್ಲೇ ಮಿಷನ್‌ನಲ್ಲಿ, ಇಂದಿನ ರೌಕನ್‌ನಲ್ಲಿ, ನರಿಂಜೆರಿ ಜನಾಂಗದಲ್ಲಿ ಹುಟ್ಟಿದವರು. ಧರ್ಮಬೋಧಕರು, ಸಂಗೀತ ಬಲ್ಲವರು, ಯಂತ್ರಗಳ ಮರ್ಮ ಅರಿತವರು. ಕುರಿಯ ಉಣ್ಣೆ ಕತ್ತರಿಸುವ ಯಂತ್ರದ ಸುಧಾರಿತ ಕೈಹಿಡಿಗೆ 1909ರಲ್ಲಿ ಪೇಟೆಂಟ್ ಪಡೆದರು. ಉಣ್ಣೆಯಿಂದಲೇ ಬದುಕುತ್ತಿದ್ದ ದೇಶದಲ್ಲಿ ಅದರಿಂದ ಅವರಿಗೆ ಹಣ ಬರಲಿಲ್ಲ. ಮಿಷನ್ ಪರವಾದ ಸಂಘಕ್ಕೆ ಚಂದಾ ಎತ್ತುತ್ತ ಊರೂರು ತಿರುಗಿ ಭಾಷಣ ಮಾಡಿದರು. ಸಭೆಯಲ್ಲಿ ಚಪ್ಪಾಳೆ ಸಿಗುತ್ತಿತ್ತು, ಅದೇ ಊರಿನ ವಸತಿಗೃಹಗಳಲ್ಲಿ ಚರ್ಮದ ಬಣ್ಣ ನೋಡಿ ಕೋಣೆ ಇಲ್ಲ ಎನ್ನುತ್ತಿದ್ದರು.

1924ರಿಂದ ಅವರು ತಮ್ಮವರ ಕಥೆಗಳನ್ನು, ನಂಬಿಕೆಗಳನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸತೊಡಗಿದರು. ನರಿಂಜೆರಿಗಳ ಕಥೆಗಳಷ್ಟೇ ಅಲ್ಲ, ಬೇರೆ ಜನಾಂಗಗಳ ಕಥೆಗಳನ್ನೂ ಸಂಗ್ರಹಿಸಿದರು. 1929ರಲ್ಲಿ ‘ನೇಟಿವ್ ಲೆಜೆಂಡ್ಸ್’ ಎಂಬ ತೆಳುವಾದ ಪುಸ್ತಿಕೆ ಅಡಿಲೇಡ್‌ನಲ್ಲಿ ಅಚ್ಚಾಯಿತು. ಮೇಲೆ ಅವರದೇ ಹೆಸರು. ಮೂಲನಿವಾಸಿ ಲೇಖಕನೊಬ್ಬ ತನ್ನ ಹೆಸರಿನಲ್ಲಿ ತಂದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಅದೇ ಅವಧಿಯಲ್ಲಿ ಅವರು ಮೂಲನಿವಾಸಿಗಳ ಸ್ಥಿತಿಗತಿ ಕುರಿತ ಬ್ಲೀಕ್ಲಿ ವಿಚಾರಣೆಗೂ ನೆರವಾದರು.

ಆದರೆ ದೊಡ್ಡ ಸಂಗ್ರಹದ ಗತಿ ಬೇರೆಯಾಯಿತು. ಅದರ ಹಸ್ತಪ್ರತಿಯನ್ನು ಅವರು ಆಂಗಸ್ ಅಂಡ್ ರಾಬರ್ಟ್‌ಸನ್‌ಗೆ ಕೊಟ್ಟಿದ್ದರು. ಸಂಸ್ಥೆ ಅದನ್ನು ತಾನು ಪ್ರಕಟಿಸದೆ ಹಕ್ಕನ್ನು ವಿಲಿಯಂ ರಾಮ್ಸೆ ಸ್ಮಿತ್ ಎಂಬವರಿಗೆ ಮಾರಿತು. ರಾಮ್ಸೆ ಸ್ಮಿತ್ ಅಡಿಲೇಡ್‌ನ ಸರ್ಕಾರಿ ವೈದ್ಯಾಧಿಕಾರಿ, ಶವಪರೀಕ್ಷೆಯ ಅಧಿಕಾರಿ. ಮೂಲನಿವಾಸಿಗಳ ತಲೆಬುರುಡೆ, ಎಲುಬುಗಳನ್ನು ಸಂಗ್ರಹಿಸಿ ಎಡಿನ್‌ಬರೋಗೆ ಕಳಿಸುತ್ತಿದ್ದವರು. ಶವಗಳ ದುರುಪಯೋಗದ ಆರೋಪದ ಮೇಲೆ 1903ರಲ್ಲಿ ಅವರ ವಿರುದ್ಧ ವಿಚಾರಣೆಯೂ ನಡೆದಿತ್ತು. ಅವರು 1930ರಲ್ಲಿ ‘ಮಿಥ್ಸ್ ಅಂಡ್ ಲೆಜೆಂಡ್ಸ್ ಆಫ್ ದಿ ಆಸ್ಟ್ರೇಲಿಯನ್ ಅಬೊರಿಜಿನಲ್ಸ್’ ಎಂಬ ದಪ್ಪ ಪುಸ್ತಕ ತಂದರು. ಒಳಗಿನ ಕಥೆಗಳಲ್ಲಿ ಬಹುಪಾಲು ಯುನೈಪನ್ ಬರೆದವು. ಪುಸ್ತಕದಲ್ಲಿ ಎಲ್ಲೂ ಯುನೈಪನ್ ಹೆಸರಿಲ್ಲ. ಪ್ರಕಟಿಸಿದ್ದು ಲಂಡನ್ನಿನ ಹ್ಯಾರಪ್ ಸಂಸ್ಥೆ, ಹಿಂದಿನ ವರ್ಷ ‘ಎ ಹೌಸ್ ಈಸ್ ಬಿಲ್ಟ್’ ತಂದಿದ್ದ ಅದೇ ಸಂಸ್ಥೆ. ಆಮೇಲೆ ದಶಕಗಟ್ಟಲೆ ಆ ಪುಸ್ತಕ ಮರುಮುದ್ರಣಗೊಂಡಿತು, ಪ್ರತಿ ಸಲವೂ ರಾಮ್ಸೆ ಸ್ಮಿತ್ ಹೆಸರಿನಲ್ಲಿ.

ಎಥೆಲ್ ರಾಬರ್ಟ್‌ಸನ್ ಗಂಡಸಿನ ಹೆಸರು ಆರಿಸಿಕೊಂಡದ್ದು ಹೆಂಗಸಿನ ಬರವಣಿಗೆಯನ್ನು ಸುಲಭವಾಗಿ ಗುರುತಿಸಬಹುದೆಂಬ ಮಾತನ್ನು ಪರೀಕ್ಷಿಸಲು. ಬರ್ನಾರ್ಡ್ ಮತ್ತು ಎಲ್ಡರ್‌ಶಾ ಒಂದೇ ಹೆಸರಾದದ್ದು ಗೆಳೆತನಕ್ಕೆ. ಮ್ಯಾನಿಂಗ್ ಹೆಸರು ಬಿಟ್ಟದ್ದು ತಮ್ಮ ಇಷ್ಟದಂತೆ. ಈ ಮುಸುಕುಗಳ ಗಂಟು ಹಾಕಿದವರ ಕೈಯಲ್ಲೇ ಇತ್ತು; ಬೇಕಾದಾಗ ಬಿಚ್ಚಬಹುದಿತ್ತು. ಯುನೈಪನ್‌ಗೆ ಆ ಆಯ್ಕೆಯನ್ನೇ ಕೊಡಲಿಲ್ಲ. ನೆಲವನ್ನು ಕಿತ್ತುಕೊಂಡ ವ್ಯವಸ್ಥೆ ಕಥೆಯನ್ನೂ ಹಾಗೆಯೇ ಕಿತ್ತುಕೊಂಡಿತು, ಕಾಗದಪತ್ರ ಸರಿಯಾಗಿ ಇಟ್ಟುಕೊಂಡು, ಹಕ್ಕು ಮಾರಿ, ಕೊಂಡು. ಮೂಲನಿವಾಸಿಗೆ ಕಥೆಯಿದೆ, ಆದರೆ ಅವನು ಲೇಖಕನಲ್ಲ ಎಂಬ ನಂಬಿಕೆಯೇ ಇದರ ಬೇರು. ಅವನು ಹೇಳುವವನು, ನಾವು ಬರೆಯುವವರು ಎಂಬ ಈ ಮೇಲು ಕೀಳು ಎಲ್ಲಿದ್ದರೂ ಕಳವಿಗೆ ದಾರಿ ಮಾಡುತ್ತದೆ.

ಯುನೈಪನ್ 1967ರ ಫೆಬ್ರವರಿಯಲ್ಲಿ 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷದ ಮೇ ತಿಂಗಳ ಜನಮತದಲ್ಲಿ ಆಸ್ಟ್ರೇಲಿಯಾ ತನ್ನ ಸಂವಿಧಾನವನ್ನು ತಿದ್ದಿ ಮೂಲನಿವಾಸಿಗಳನ್ನೂ ದೇಶದ ಜನರೆಂದು ಎಣಿಸಲು ಒಪ್ಪಿತು. 1980ರ ದಶಕದ ಕೊನೆಯಲ್ಲಿ ಮೂಲನಿವಾಸಿ ಲೇಖಕರ ಅಪ್ರಕಟಿತ ಕೃತಿಗಳಿಗೆ ಅವರ ಹೆಸರಿನ ಪ್ರಶಸ್ತಿ ಶುರುವಾಯಿತು. 1995ರಿಂದ ಐವತ್ತು ಡಾಲರ್ ನೋಟಿನ ಮೇಲೆ ಅವರ ಮುಖವಿದೆ. ಕಥೆಗಳು ಮರಳಿದ್ದು ಎಲ್ಲಕ್ಕಿಂತ ಕೊನೆಗೆ. ಸಿಡ್ನಿಯ ಮಿಚೆಲ್ ಗ್ರಂಥಾಲಯದಲ್ಲಿ ಉಳಿದಿದ್ದ ಹಸ್ತಪ್ರತಿಯಿಂದ ಸ್ಟೀಫನ್ ಮ್ಯೂಕ್ ಮತ್ತು ಆಡಮ್ ಶೂಮೇಕರ್ 2001ರಲ್ಲಿ ‘ಲೆಜೆಂಡರಿ ಟೇಲ್ಸ್ ಆಫ್ ದಿ ಆಸ್ಟ್ರೇಲಿಯನ್ ಅಬೊರಿಜಿನೀಸ್’ ಸಂಪಾದಿಸಿದರು. ಲೇಖಕ ಡೇವಿಡ್ ಯುನೈಪನ್ ಎಂದು ಆಗ ಅಚ್ಚಾಯಿತು. ಅಷ್ಟಕ್ಕೆ ಎಪ್ಪತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು.

1929ರ ದೊಡ್ಡ ಕಾದಂಬರಿಗಳ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ರಿಚರ್ಡ್‌ಸನ್, ಪ್ರಿಚರ್ಡ್, ಬರ್ನಾರ್ಡ್, ಎಲ್ಡರ್‌ಶಾ ಇಲ್ಲದೆ ಆ ದೇಶದ ಗದ್ಯ ಇಂದು ಇರುವಂತೆ ಇರುತ್ತಿರಲಿಲ್ಲ. ಆ ವರ್ಷವನ್ನು ಕಟ್ಟಿದವರಲ್ಲಿ ಹೆಚ್ಚಿನವರು ಹೆಂಗಸರು ಎಂಬುದನ್ನು ಗಟ್ಟಿಯಾಗಿ ಹೇಳಬೇಕು. ಆದರೂ ಆ ವರ್ಷದ ಪುಸ್ತಕಗಳನ್ನು ಓದಬೇಕೆನ್ನುವವರಿಗೆ ನನ್ನ ಮಾತು ಇಷ್ಟು: ಮೊದಲು ಯುನೈಪನ್ ಓದಿ, ಆಮೇಲೆ ‘ಕೂನಾರ್ಡೂ’, ಅದಾದ ಮೇಲೆ ಮಹೋನಿಯ ಕಥೆ. ಆ ಕ್ರಮದಲ್ಲಿ ಓದಿದರೆ ಕಾದಂಬರಿಗಳಲ್ಲಿ ಬರುವ ಎಸ್ಟೇಟು, ಚಿನ್ನದ ಗಣಿ, ವ್ಯಾಪಾರದ ಮನೆ ಎಲ್ಲವೂ ಯಾರ ನೆಲದ ಮೇಲೆ ಎದ್ದವು ಎಂಬುದು ಮೊದಲೇ ತಿಳಿದಿರುತ್ತದೆ. ಇನ್ನು ಯಾವುದೇ ದೇಶದ ಜನಪದ ಕಥೆಗಳ ಪುಸ್ತಕ ಕೈಗೆ ಬಂದಾಗ, ಸಂಪಾದಕರ ಹೆಸರು ನೋಡಿ ಅಲ್ಲಿಗೇ ನಿಲ್ಲಬೇಡಿ. ಕಥೆ ಕೊಟ್ಟವರ ಹೆಸರಿದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಪ್ರಕಾಶಕರನ್ನು ಕೇಳಿ.